ಶ್ರೀತಾಳೆ: ಒಮ್ಮೆ ಮಾತ್ರ ಹೂ ಬಿಡುವ ಮರ, ಅದರ ಹಳೆಯ ಉಪಯೋಗಗಳು, ಈಗ ನಮ್ಮ ಕೆಲಸ



ಕೆಲವು ದಿನಗಳ ಹಿಂದೆ ಕಾಸರಗೋಡು ಜಿಲ್ಲೆಯ ಒಳನಾಡಿನಿಂದ ನಮ್ಮ ಸದಸ್ಯರೊಬ್ಬರು ಫೋನ್ ಮಾಡಿದ್ದರು. ಅವರ ಅಡಿಕೆ ತೋಟದ ಅಂಚಿನಲ್ಲಿ ಅಜ್ಜ ನೆಟ್ಟ ಒಂದು ಪಣೋಲಿ ಮರ ಇದೆ. ಇಷ್ಟು ವರ್ಷ ಅದು ತನ್ನಷ್ಟಕ್ಕೆ ಇತ್ತು, ಯಾರೂ ಹೆಚ್ಚು ಗಮನಿಸಿರಲಿಲ್ಲ. ಈ ಸಲ ಮರದ ನೆತ್ತಿಯಲ್ಲಿ ಕಂಬದ ಹಾಗೆ ಏನೋ ಎದ್ದು, ಈಗ ಕವಲೊಡೆದು ಹೂ ಬಿಡುತ್ತಿದೆ. ನೋಡಿದವರೆಲ್ಲ "ಪಣೋಲಿ ಹೂ ಬಿಟ್ಟರೆ ಮನೆಗೆ ಒಳ್ಳೆಯದಲ್ಲ, ಬೇಗ ಕಡಿಸಿಬಿಡಿ" ಎನ್ನುತ್ತಿದ್ದಾರೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಮರ ಕಡಿಯುವವರ ಹತ್ತಿರ ಮಾತೂ ಆಗಿದೆ. "ಕಡಿಸುವುದೋ, ಬಿಡುವುದೋ? ಗೊತ್ತಿದ್ದವರು ಇದ್ದರೆ ಹೇಳಿ" ಎಂಬುದು ಅವರ ಪ್ರಶ್ನೆ.

ಸದ್ಯಕ್ಕೆ ಕಡಿಸಬೇಡಿ ಎಂದು ನಾವು ಹೇಳಿದೆವು. ಯಾಕೆ ಎಂಬುದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ಹೊಸೂರು ಕಡೆಯ ಹಲವು ಸದಸ್ಯರು ಈ ಮರವನ್ನು ಕಂಡಿರಲಾರರು. ಆದರೆ ತಾಳೆಗರಿಯ ಓದುಬರಹ ಆ ಊರುಗಳ ಮಠಮನೆಗಳಿಗೂ ತಲುಪಿತ್ತು. ಆದ್ದರಿಂದ ಈ ವಿಷಯ ಎಲ್ಲರಿಗೂ ಸೇರಿದ್ದು.

ಯಾವ ಊರಲ್ಲಿ ಯಾವ ಹೆಸರು

ಕನ್ನಡದಲ್ಲಿ ಇದು ಶ್ರೀತಾಳೆ ಅಥವಾ ಶ್ರೀತಾಳಿ. ತುಳುವಿನಲ್ಲಿ ಪಣೋಲಿ. ಮಲಯಾಳದಲ್ಲಿ ಕುಡಪ್ಪನ ಅಥವಾ ತಾಳಿಪ್ಪನ. ಕುಡ ಎಂದರೆ ಕೊಡೆ, ಪನ ಎಂದರೆ ತಾಳೆ, ಅಂದರೆ ಕೊಡೆತಾಳೆ. ತಮಿಳಿನಲ್ಲಿಯೂ ಇದೇ ಅರ್ಥದ ಕುಡೈಪ್ಪನೈ ಎಂಬ ಹೆಸರಿದೆ, ತಾಳಿಪ್ಪನೈ ಎಂದೂ ಹೇಳುತ್ತಾರೆ. ತೆಲುಗಿನಲ್ಲಿ ಶ್ರೀತಾಳಮು. ಹಿಂದಿ, ಮರಾಠಿ ಕಡೆಯ ಪೇಟೆಗಳಲ್ಲಿ ಮರಕ್ಕಿಂತ ಅದರ ಬೀಜವೇ ಹೆಚ್ಚು ಪರಿಚಿತ, ಅದಕ್ಕೆ ಬಜರ್‌ಬಟ್ಟು ಎನ್ನುತ್ತಾರೆ. ಇಂಗ್ಲಿಷಿನವರು ಟಾಲಿಪಾಟ್ ಎಂದರು. ಅದು ನಮ್ಮ ತಾಳಪತ್ರ ಎಂಬ ಮಾತಿನಿಂದಲೇ ಹೋದದ್ದು.

ಸಸ್ಯಶಾಸ್ತ್ರದ ಹೆಸರು ಕೊರೈಫಾ ಅಂಬ್ರಾಕ್ಯುಲಿಫೆರಾ. 1753ರಲ್ಲಿ ಲಿನ್ನೇಯಸ್ ಇಟ್ಟ ಹೆಸರಿದು. ಕೊರೈಫಾ ಎಂಬುದು ಗ್ರೀಕ್ ಮಾತು, ನೆತ್ತಿ ಅಥವಾ ಶಿಖರ ಎಂದರ್ಥ. ಅಂಬ್ರಾಕ್ಯುಲಿಫೆರಾ ಎಂಬುದು ಲ್ಯಾಟಿನ್, ಕೊಡೆ ಹೊತ್ತದ್ದು ಎಂದರ್ಥ. ನಮ್ಮ ಜನ ಕೊಡೆತಾಳೆ ಎಂದದ್ದನ್ನೇ ಶಾಸ್ತ್ರದವರೂ ಅಂದಂತಾಯಿತು. ಲಿನ್ನೇಯಸ್‌ಗಿಂತ ಮೊದಲೇ ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ 'ಹೊರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿ ಈ ಮರ ಕೊಡ್ಡಪನ್ನ ಎಂಬ ಹೆಸರಿನಲ್ಲಿ ಚಿತ್ರಸಹಿತ ಬಂದಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಈ ಗ್ರಂಥಕ್ಕೆ ಗಿಡಮರಗಳ ವಿವರ ಕೊಟ್ಟವರು ಇಲ್ಲಿನ ವೈದ್ಯರೇ. ಮಲಯಾಳದ ಇಟ್ಟಿ ಅಚ್ಯುತನ್ ಅವರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಅದರಲ್ಲಿದ್ದರು.

ಗುರುತು ಹಿಡಿಯುವುದು ಹೇಗೆ

ತಾಳೆ ಎಂದಾಗ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರ ನೆನಪಾಗುತ್ತದೆ. ರಾಯದುರ್ಗ, ಮಡಕಶಿರ, ಹೊಸೂರು ಕಡೆಯವರಿಗೆ ತಾಟಿನಿಂಗು ಬಿಡುವ ತಾಳೆ. ವಯನಾಡು, ಕಾಸರಗೋಡಿನವರಿಗೆ ಕಳ್ಳು ಇಳಿಸುವ ಬೈನೆ. ಈ ಮೂರನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ತಾಟಿನಿಂಗಿನ ತಾಳೆಯ ಗರಿ ಬೀಸಣಿಗೆಯಂತೆ, ಸುಮಾರು ಒಂದು ಒಂದೂವರೆ ಮೀಟರ್ ಅಗಲ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬಲಿತ ಹೆಣ್ಣು ಮರ ವರ್ಷ ವರ್ಷವೂ ಕಾಯಿ ಬಿಡುತ್ತದೆ.

ಬೈನೆಯ ಎಲೆ ಮೀನಿನ ಬಾಲದ ಹಾಗೆ ಹರಿದಂತಿರುತ್ತದೆ. ಹೂಗೊನೆ ಕುದುರೆಯ ಬಾಲದಂತೆ ಕೆಳಕ್ಕೆ ಜೋತುಬೀಳುತ್ತದೆ.

ಶ್ರೀತಾಳೆಯದೂ ಬೀಸಣಿಗೆ ಗರಿಯೇ, ಆದರೆ ಅಳತೆಯೇ ಬೇರೆ. ಬಲಿತ ಮರದ ಒಂದು ಗರಿ 5 ಮೀಟರ್ ಅಗಲದವರೆಗೆ ಬೆಳೆಯುತ್ತದೆ, ಅಂದರೆ 16 ಅಡಿ. ಒಂದು ಸಣ್ಣ ಕೋಣೆಯ ಮೇಲೆ ಹರಡಿದರೆ ಪೂರ್ತಿ ಮುಚ್ಚುತ್ತದೆ. ಗರಿಯ ದಂಟೇ 4 ಮೀಟರ್ ಉದ್ದ ಇರಬಹುದು. ಅದರ ಎರಡೂ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಕಾಂಡ ಒಂದು ಮೀಟರಿಗಿಂತಲೂ ದಪ್ಪ ಆಗಬಹುದು, ಎತ್ತರ 25 ಮೀಟರ್ ತನಕ. ಎಳೆಯ ಗಿಡ ಮಾತ್ರ ಬಹಳ ವರ್ಷ ನೆಲಮಟ್ಟದಲ್ಲೇ ಗರಿ ಹರಡಿಕೊಂಡು ಕುಳಿತಿರುತ್ತದೆ. ಆಗ ಅದನ್ನು ಪೊದೆ ಎಂದುಕೊಂಡು ಸವರಿ ಹಾಕುವುದುಂಟು. ತೋಟದ ಬದಿ ಸವರಿಸುವವರು ಇದನ್ನು ಗಮನದಲ್ಲಿಡಬೇಕು.

ದಕ್ಷಿಣ ಭಾರತ ಮತ್ತು ಶ್ರೀಲಂಕಾ ಈ ಮರದ ಮೂಲನೆಲೆ. ನಮ್ಮಲ್ಲಿ ಪಶ್ಚಿಮ ಕರಾವಳಿಯಲ್ಲಿ ಮತ್ತು ಘಟ್ಟದ ಬುಡದಲ್ಲಿ, ಮಳೆ ಚೆನ್ನಾಗಿ ಬೀಳುವ ಕಡೆ, ಕೇರಳದಿಂದ ಉತ್ತರ ಕನ್ನಡದ ತನಕ ಅಲ್ಲಲ್ಲಿ ಕಾಣುತ್ತದೆ.

ಒಂದು ಜನ್ಮಕ್ಕೆ ಒಂದೇ ಹೂವು

ಈ ಮರದ ಮುಖ್ಯ ವಿಶೇಷ ಇಲ್ಲಿದೆ. ಮೊಳೆತ ಮೇಲೆ 30 ವರ್ಷಕ್ಕೋ, 50 ವರ್ಷಕ್ಕೋ, ಕೆಲವು ಸಲ 80 ವರ್ಷಕ್ಕೋ ಒಮ್ಮೆ ಹೂ ಬಿಡುತ್ತದೆ. ಅಲ್ಲಿಯವರೆಗೆ ತಯಾರಿಸಿದ ಆಹಾರದಲ್ಲಿ ದೊಡ್ಡ ಪಾಲನ್ನು ಹಿಟ್ಟಿನ ರೂಪದಲ್ಲಿ ಕಾಂಡದೊಳಗೆ ಕೂಡಿಟ್ಟುಕೊಂಡಿರುತ್ತದೆ. ಸಮಯ ಬಂದಾಗ ನೆತ್ತಿಯ ಸುಳಿಯಿಂದಲೇ ಹೂದಂಡು ಏಳುತ್ತದೆ. ಕವಲೊಡೆದು ಅರಳಿದಾಗ ಅದು 6ರಿಂದ 8 ಮೀಟರ್ ಎತ್ತರ ಇರುತ್ತದೆ. ಕವಲೊಡೆಯುವ ಹೂಗೊಂಚಲುಗಳಲ್ಲಿ ಇಡೀ ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಹೂ ಒಂದೊಂದೂ ಚಿಕ್ಕದು, ಕೆನೆ ಬಣ್ಣದ್ದು. ಎಣಿಸಿದರೆ ಹತ್ತಾರು ಲಕ್ಷ.

ಹೂವಿನಿಂದ ಹಣ್ಣಾಗಲು ಸುಮಾರು ಒಂದು ವರ್ಷ ಬೇಕು. ಮೂರು ನಾಲ್ಕು ಸೆಂಟಿಮೀಟರ್ ಗಾತ್ರದ ದುಂಡು ಕಾಯಿಗಳು ಸಾವಿರಗಟ್ಟಲೆ ಕಟ್ಟುತ್ತವೆ, ಒಂದೊಂದರಲ್ಲಿ ಒಂದೇ ಬೀಜ. ಕಾಯಿ ಬಲಿಯುತ್ತಾ ಬಂದ ಹಾಗೆ ಗರಿಗಳು ಒಣಗಿ ಜೋತುಬೀಳುತ್ತವೆ. ಕೊನೆಗೆ ಮರ ಸಾಯುತ್ತದೆ. ರೋಗ ಬಂದು ಸಾಯುವುದಲ್ಲ, ಕೂಡಿಟ್ಟದ್ದನ್ನೆಲ್ಲ ಬೀಜಕ್ಕೆ ಕೊಟ್ಟು ಬರಿದಾಗುವುದು.

ಇಂಥ ಗಿಡಗಳು ನಮಗೆ ಹೊಸತಲ್ಲ. ನೀಲಗಿರಿಯ ಸದಸ್ಯರಿಗೆ ಕುರಿಂಜಿ ಗೊತ್ತು. 2006ರಲ್ಲಿ ಬೆಟ್ಟ ನೀಲಿಯಾಗಿತ್ತು, ಮತ್ತೆ 12 ವರ್ಷದ ಮೇಲೆ 2018ರಲ್ಲಿ. ಅದೂ ಹೂ ಬಿಟ್ಟು ಬೀಜ ಉದುರಿಸಿ ಸಾಯುವ ಗಿಡವೇ. ವಯನಾಡಿನವರು ಬಿದಿರು ಕಟ್ಟೆ ಹೂ ಬಿಟ್ಟು ಒಣಗಿದ್ದನ್ನು ನೋಡಿದ್ದಾರೆ. ಎಲ್ಲರ ಹಿತ್ತಲಿನ ಬಾಳೆಯೂ ಒಮ್ಮೆ ಗೊನೆ ಹಾಕಿದರೆ ಮುಗಿಯಿತು. ಆದರೆ ಬಾಳೆಗೆ ಬುಡದಲ್ಲಿ ಕಂದು ಇರುತ್ತದೆ, ತಾಯಿ ಹೋದರೂ ವಂಶ ನಿಲ್ಲುವುದಿಲ್ಲ. ಶ್ರೀತಾಳೆಗೆ ಕಂದು ಬರುವುದಿಲ್ಲ. ಕೊಂಬೆ ನೆಟ್ಟು ಬೆಳೆಸುವ ಮರವೂ ಅಲ್ಲ. ಮುಂದಿನ ಗಿಡ ಬರಬೇಕಾದರೆ ಬೀಜವೊಂದೇ ದಾರಿ, ಆ ಬೀಜ ಬರುವುದು ಒಂದೇ ಸಲ. ಹೂ ಬಿಟ್ಟಾಗ ಕಡಿದರೆ ಐವತ್ತು ಅರವತ್ತು ವರ್ಷ ಬೆಳೆದ ಮರ ಒಂದು ಬೀಜವನ್ನೂ ಉಳಿಸದೆ ಹೋಗುತ್ತದೆ. ಕಡಿಸಬೇಡಿ ಎಂದು ನಾವು ಹೇಳಿದ್ದಕ್ಕೆ ಮುಖ್ಯ ಕಾರಣ ಇದೇ.

ಗರಿ: ಕೊಡೆ, ಗೊರಬು, ಮನೆಯ ಮಾಡು

ಬಟ್ಟೆಯ ಕೊಡೆ ಬರುವ ಮೊದಲು ಕರಾವಳಿಯ ಮಳೆಗೆ ಗರಿಯ ಕೊಡೆಯೇ ಗತಿ. ಬಿದಿರಿನ ಕಡ್ಡಿಗಳ ಚೌಕಟ್ಟಿನ ಮೇಲೆ ಶ್ರೀತಾಳೆಯ ಗರಿಯನ್ನು ಮಡಿಕೆ ಮಡಿಕೆಯಾಗಿ ಹಾಸಿ ಹೊಲಿಯುತ್ತಿದ್ದರು. ಗರಿ ಅಗಲವಾದ್ದರಿಂದ ಜೋಡಣೆ ಕಡಿಮೆ, ನೀರು ಸೋರುವುದೂ ಕಡಿಮೆ. ಹಿಡಿ ಇರುವ ಕೊಡೆ ದಾರಿ ನಡೆಯುವವರಿಗೆ. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವವರಿಗೆ ಎರಡು ಕೈಯೂ ಬೇಕು, ಅವರಿಗೆ ಬೆನ್ನ ಮೇಲೆ ಕವುಚಿಕೊಳ್ಳುವ ಗೊರಬು. ಕೇರಳದಲ್ಲಿ ನಂಬೂದಿರಿ ಮನೆತನದ ಹೆಂಗಸರು ಹೊರಗೆ ಹೊರಟಾಗ ಮುಖ ಮರೆಮಾಡಿಕೊಳ್ಳಲು ಹಿಡಿಯುತ್ತಿದ್ದ ಮರಕ್ಕುಡ ಕೂಡ ಓಲೆಯ ಕೊಡೆಯೇ. ಉತ್ತರ ಮಲಬಾರಿನ ತೆಯ್ಯಂ ಕಟ್ಟುಗಳಲ್ಲಿ, ಓಣಂ ಹಬ್ಬದ ಮಾವೇಲಿ ವೇಷದಲ್ಲಿ ಓಲೆಕೊಡೆಗೆ ಈಗಲೂ ಸ್ಥಾನ ಇದೆ. ಹಾಗಾಗಿ ಕೊಡೆ ಕಟ್ಟುವ ಕೈಕಸುಬು ಪೂರ್ತಿ ನಿಂತಿಲ್ಲ. ಆದರೆ ಮಳೆಗೆಂದು ಅದನ್ನು ಕೊಳ್ಳುವವರು ಈಗ ಇಲ್ಲವೆನ್ನುವಷ್ಟು ಕಡಿಮೆ.

ಮನೆಯ ಮಾಡಿಗೆ ಹೊದೆಸಲು, ಕೊಟ್ಟಿಗೆಗೆ ಮರೆ ಕಟ್ಟಲು, ಬೀಸಣಿಗೆಗೆ, ಚಾಪೆ ಬುಟ್ಟಿಗೆ ಇದೇ ಗರಿ ಬಳಕೆಯಾಗುತ್ತಿತ್ತು. ಶ್ರೀಲಂಕಾದಲ್ಲಿ 19 ವರ್ಷ ಸೆರೆಯಲ್ಲಿದ್ದು ತಪ್ಪಿಸಿಕೊಂಡ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ 1681ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ಮರದ ಬಗ್ಗೆ ಬರೆದಿದ್ದಾನೆ. ಒಂದೇ ಗರಿ 15ರಿಂದ 20 ಜನರನ್ನು ಮಳೆಯಿಂದ ಕಾಯುವಷ್ಟು ದೊಡ್ಡದು, ಸೈನಿಕರು ಇದನ್ನೇ ಗುಡಾರ ಮಾಡಿಕೊಳ್ಳುತ್ತಾರೆ ಎನ್ನುತ್ತಾನೆ. ಬೀಸಣಿಗೆಯ ಹಾಗೆ ಮಡಚಿದರೆ ಅಷ್ಟು ದೊಡ್ಡ ಗರಿ ಕೈಯಲ್ಲಿ ಹಿಡಿದು ನಡೆಯುವಷ್ಟಾಗುತ್ತದೆ ಎಂಬುದೇ ಅದರ ಅನುಕೂಲ.

ಓಲೆ: ಬರಹದ ಗರಿ

ಬರೆಯಲು ಎರಡು ತಾಳೆಗಳ ಗರಿಯೂ ಬಳಕೆಯಲ್ಲಿತ್ತು. ಶ್ರೀತಾಳೆಯ ಗರಿ ತೆಳು, ಅಗಲ, ಬಾಗಿದರೆ ಮುರಿಯುವುದಿಲ್ಲ. ತಾಟಿನಿಂಗಿನ ತಾಳೆಯ ಗರಿ ದಪ್ಪ, ಗಡುಸು, ಅಗಲ ಕಡಿಮೆ. ಸಂಸ್ಕೃತದಲ್ಲಿ ಮೊದಲನೆಯದನ್ನು ಶ್ರೀತಾಲ ಎಂದೂ ಎರಡನೆಯದನ್ನು ಖರತಾಲ ಎಂದೂ ಕರೆದದ್ದು ಇದಕ್ಕೇ. ಹಳೆಯ ಕಾಲದಲ್ಲಿ ಶ್ರೀತಾಳೆಗೇ ಮೊದಲ ಮರ್ಯಾದೆ ಇತ್ತು. ಕಾಲಕ್ರಮದಲ್ಲಿ ಎಲ್ಲ ಕಡೆ ಸುಲಭವಾಗಿ ಸಿಗುವ, ವರ್ಷ ವರ್ಷ ಬೆಳೆ ಕೊಡುವ ಖರತಾಲ ಹೆಚ್ಚು ಬಳಕೆಗೆ ಬಂತು. ಶ್ರೀಲಂಕಾದಲ್ಲಿ ಮಾತ್ರ ಬೌದ್ಧ ಗ್ರಂಥಗಳನ್ನು ಬರೆಯಲು ಶ್ರೀತಾಳೆಯ ಓಲೆಯೇ ಮುಂದುವರಿಯಿತು.

ಗರಿ ಹದ ಮಾಡುವ ಕೆಲಸ ತಾಳ್ಮೆಯದ್ದು. ಪೂರ್ತಿ ಬಿಡಿಸಿಕೊಳ್ಳದ ಎಳೆಯ ಸುಳಿಯನ್ನು ಆರಿಸಿ ಕಡಿಯಬೇಕು. ನಡುವಿನ ಕಡ್ಡಿ ತೆಗೆದು, ಪಟ್ಟಿಗಳನ್ನು ಸುರುಳಿ ಸುತ್ತಿ ನೀರಿನಲ್ಲಿ ಬೇಯಿಸಬೇಕು. ಕೆಲವರು ಹುಳ ಹಿಡಿಯದಿರಲೆಂದು ನೀರಿಗೆ ಅರಸಿನ ಸೇರಿಸುತ್ತಿದ್ದರು. ಆಮೇಲೆ ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲು ಅಥವಾ ಕವಡೆಯಿಂದ ತಿಕ್ಕಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆಯಬೇಕು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀರಿ ಬರೆದು, ಎಣ್ಣೆಯಲ್ಲಿ ಕಲಸಿದ ಮಸಿ ಸವರಿ ಒರೆಸಿದರೆ ಅಕ್ಷರದ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಮೇಲೆ ಕೆಳಗೆ ಮರದ ಹಲಗೆ ಇಟ್ಟು ದಾರ ಸುತ್ತಿದರೆ ಒಂದು ಕಟ್ಟು ಸಿದ್ಧ. ಗರಿಯ ನಾರು ಉದ್ದಕ್ಕೆ ಓಡುವುದರಿಂದ ಅಡ್ಡಗೆರೆ ಬಲವಾಗಿ ಎಳೆದರೆ ಗರಿ ಸೀಳುತ್ತದೆ. ನಮ್ಮ ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣ ಎಂದು ಹೇಳುವವರಿದ್ದಾರೆ.

ಕನ್ನಡದ ಎಷ್ಟು ದೊಡ್ಡ ಭಾಗ ತಾಳೆಗರಿಯ ಮೂಲಕ ಬಂತು ಎಂಬುದಕ್ಕೆ ಮೂರು ಉದಾಹರಣೆ ಸಾಕು. ಮೂಡಬಿದಿರೆಯಲ್ಲಿ ಜೈನರು ಕಾಪಾಡಿಕೊಂಡು ಬಂದ ಧವಳಾ, ಜಯಧವಳಾ, ಮಹಾಧವಳಾ ಗ್ರಂಥಗಳ ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಹಳಗನ್ನಡ. ಹೊಯ್ಸಳರ ಕಾಲದ, ಬಣ್ಣದ ಚಿತ್ರಗಳಿರುವ ತಾಳೆಗರಿಗಳವು. ಎರಡನೆಯದು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಕೆಲಸ. ಅವರು ಮಠ, ಮನೆಗಳಿಂದ ಗರಿಗಳನ್ನು ಕಲೆಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. ಬಸವಣ್ಣ, ಅಲ್ಲಮ, ಸೊಲ್ಲಾಪುರದ ಸಿದ್ಧರಾಮ ಮುಂತಾದವರ ವಚನಗಳು ಅಚ್ಚಿಗೆ ಬರುವ ಮುನ್ನ ಶತಮಾನಗಳ ಕಾಲ ಉಳಿದದ್ದು ಗರಿಯ ಕಟ್ಟುಗಳಲ್ಲಿ. ಮೂರನೆಯದು ಕಾಸರಗೋಡಿನದೇ. ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಓದಿ 'ಶ್ರೀ ಭಾಗವತೊ' ಎಂಬ ತುಳು ಕಾವ್ಯವನ್ನು ಬೆಳಕಿಗೆ ತಂದರು. ತುಳುವಿಗೆ ಹಳೆಯ ಲಿಖಿತ ಕಾವ್ಯವೇ ಇಲ್ಲ ಎಂಬ ಮಾತು ಅದರಿಂದ ನಿಂತಿತು.

ನಿಮ್ಮ ಮನೆಯ ಅಟ್ಟದಲ್ಲಿ, ದೇವರ ಕೋಣೆಯಲ್ಲಿ ಗರಿಯ ಕಟ್ಟು ಇದ್ದರೆ ಒಮ್ಮೆ ನೋಡಿ. ಗರಿ ಅಗಲವಾಗಿ, ತೆಳುವಾಗಿ, ಇಷ್ಟು ಕಾಲವಾದರೂ ಸ್ವಲ್ಪ ಬಾಗುವಂತಿದ್ದರೆ ಅದು ಶ್ರೀತಾಳೆಯದಿರಬಹುದು. ಒಣಗಿ ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹೊಳೆಗೆ ಬಿಡುವ ಪದ್ಧತಿ ಇದ್ದರೆ ದಯವಿಟ್ಟು ಅದಕ್ಕೆ ಮೊದಲು ಓದಬಲ್ಲವರಿಗೆ ತೋರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗಳಲ್ಲಿ ಗರಿಗಳನ್ನು ಶುಚಿ ಮಾಡಿ ಕಾಪಾಡುವ ವ್ಯವಸ್ಥೆ ಇದೆ.

ಕಾಂಡ: ಬರಗಾಲದ ಹಿಟ್ಟು

ಕರಾವಳಿಯಲ್ಲಿ ಆಷಾಢದ ತಿಂಗಳು, ತುಳುವರ ಆಟಿ, ಎಂದರೆ ಹಿಂದೆ ಹಸಿವಿನ ಕಾಲ. ಹಳೆಯ ಭತ್ತ ಮುಗಿದಿರುತ್ತದೆ, ಹೊಸದು ಇನ್ನೂ ಗದ್ದೆಯಲ್ಲಿ. ಬಿಡದ ಮಳೆಗೆ ಕೂಲಿಯೂ ಇಲ್ಲ. ಆಗ ಬಡವರ ಮನೆಗಳನ್ನು ಉಳಿಸಿದ ಕಾಡಿನ ಆಹಾರಗಳಲ್ಲಿ ಪಣೋಲಿಯ ಹಿಟ್ಟೂ ಒಂದು.

ಹಿಟ್ಟು ತೆಗೆಯುವ ಕ್ರಮ ಹೆಚ್ಚುಕಡಿಮೆ ಕೂವೆಹಿಟ್ಟಿನದೇ. ಮರ ಉರುಳಿಸಿ ಕಾಂಡ ಸೀಳಿ ಒಳಗಿನ ಮೆದು ತಿರುಳನ್ನು ಕೆತ್ತಿ ತೆಗೆಯುತ್ತಾರೆ. ಅದನ್ನು ಕುಟ್ಟಿ, ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸುತ್ತಾರೆ. ನಾರು ಬಟ್ಟೆಯಲ್ಲಿ ಉಳಿಯುತ್ತದೆ, ಹಿಟ್ಟು ಪಾತ್ರೆಯ ತಳದಲ್ಲಿ ಇಳಿಯುತ್ತದೆ. ಮೇಲಿನ ನೀರು ಬಸಿದು, ಹೊಸ ನೀರು ಹಾಕಿ, ಕಹಿ ಮತ್ತು ಬಣ್ಣ ಹೋಗುವವರೆಗೆ ಹಲವು ಸಲ ತೊಳೆದು, ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬುತ್ತಾರೆ. ಇದರಿಂದ ಗಂಜಿ, ರೊಟ್ಟಿ, ಬೆಲ್ಲ ತೆಂಗಿನಹಾಲು ಹಾಕಿ ಮಣ್ಣಿ ಮಾಡುತ್ತಾರೆ. ದೇಹಕ್ಕೆ ತಂಪು ಎಂಬ ನಂಬಿಕೆಯಿಂದ ಮಕ್ಕಳಿಗೂ ಹುಷಾರಿಲ್ಲದವರಿಗೂ ಕೊಡುವುದುಂಟು. ನಾಕ್ಸ್ ಕೂಡ ಸಿಂಹಳದ ಜನ ಈ ಮರದ ತಿರುಳನ್ನು ಕುಟ್ಟಿ ಹಿಟ್ಟು ಮಾಡಿ ತಿನ್ನುವುದನ್ನು ಬರೆದಿದ್ದಾನೆ.

ಇಲ್ಲಿ ಒಂದು ಇಕ್ಕಟ್ಟು ಇದೆ. ಕಾಂಡದಲ್ಲಿ ಹಿಟ್ಟು ತುಂಬಿರುವುದು ಹೂ ಬಿಡುವ ಹೊತ್ತಿಗೆ. ಕಾಯಿ ಕಟ್ಟಿದ ಮೇಲೆ ಹಿಟ್ಟು ಉಳಿಯುವುದಿಲ್ಲ, ಮರ ಅದನ್ನು ಬೀಜಕ್ಕೆ ಖರ್ಚು ಮಾಡಿರುತ್ತದೆ. ಹಾಗಾಗಿ ಹಿಟ್ಟು ಬೇಕಾದವರು ಹೂದಂಡು ಕಂಡಕೂಡಲೇ ಕಡಿಯುತ್ತಿದ್ದರು. ಹಸಿದವರು ಹಾಗೆ ಮಾಡಿದ್ದಕ್ಕೆ ನಾವು ಬೆರಳು ತೋರಿಸುವಂತಿಲ್ಲ. ಮರಗಳು ಬೇಕಾದಷ್ಟಿದ್ದ ಕಾಲದಲ್ಲಿ ಒಂದು ಕಡಿದರೆ ಇನ್ನೊಂದು ಕಾಯಿ ಉದುರಿಸುತ್ತಿತ್ತು. ಈಗ ಊರಿಗೊಂದು ಮರ ಸಿಗುವುದೂ ಕಷ್ಟ, ಹಿಟ್ಟಿಲ್ಲದೆ ಉಪವಾಸ ಬೀಳುವ ಪರಿಸ್ಥಿತಿಯೂ ಇಲ್ಲ. ಆದ್ದರಿಂದ ಈಗ ಬೀಜಕ್ಕೆ ಮೊದಲ ಹಕ್ಕು.

ಬೀಜ: ಮಣಿ, ಗುಂಡಿ, ದೃಷ್ಟಿಗೆ ತಾಯಿತ

ಶ್ರೀತಾಳೆಯ ಬೀಜ ದಂತದಷ್ಟು ಗಟ್ಟಿ. ಕಡೆದು ಹೊಳಪು ಕೊಟ್ಟರೆ ಮಣಿಯೂ ಆಗುತ್ತದೆ, ಅಂಗಿಯ ಗುಂಡಿಯೂ ಆಗುತ್ತದೆ. ಕೆಂಪು ಬಣ್ಣ ಹಾಕಿ ಹವಳದಂತೆ ಕಾಣಿಸಿ ಮಾರುತ್ತಿದ್ದದ್ದೂ ಉಂಟು. ಬಜರ್‌ಬಟ್ಟು ಎಂಬ ಹೆಸರಿನಲ್ಲಿ ಜಾತ್ರೆಪೇಟೆಗಳಲ್ಲಿ ಸಿಗುವ ಈ ಬೀಜವನ್ನು ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ಕೊರಳಿಗೆ ಕಟ್ಟುತ್ತಾರೆ. ಮರವನ್ನೇ ಕಾಣದ ಊರುಗಳಿಗೆ ಅದರ ಬೀಜ ಹೀಗೆ ರಕ್ಷೆಯಾಗಿ ಹೋಗಿದೆ.

ಹಣ್ಣು ಮಾತ್ರ ತಿನ್ನುವಂಥದ್ದಲ್ಲ. ಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುವ ಪದ್ಧತಿ ಹಿಂದೆ ಇತ್ತು. ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ, ಕೆರೆ ಬಾವಿಗೆ ಬೀಳದಂತೆ ನೋಡಿಕೊಳ್ಳಬೇಕು.

ಹೂ ಬಿಟ್ಟರೆ ಕೇಡೇ?

ನಮಗೆ ಫೋನ್ ಮಾಡಿದ ಸದಸ್ಯರ ಊರಿನಲ್ಲಿ ಮಾತ್ರವಲ್ಲ, ಕರಾವಳಿಯ ಅನೇಕ ಕಡೆ ಈ ಮಾತಿದೆ. ಶ್ರೀತಾಳೆ ಹೂ ಬಿಟ್ಟರೆ ಮನೆಗೆ ಅಥವಾ ಊರಿಗೆ ಅನಿಷ್ಟ ಎಂದು ಹೂ ಕಂಡ ಕೂಡಲೇ ಮರ ಕಡಿಸಿದವರು ಇದ್ದಾರೆ. ಹೇಳುವವರನ್ನು ನಗುವುದರಿಂದ ಮರ ಉಳಿಯುವುದಿಲ್ಲ. ಈ ಮಾತು ಹೇಗೆ ಬಂದಿರಬಹುದು ಎಂದು ಯೋಚಿಸುವುದು ಮೇಲು.

ನಮ್ಮ ಅಂದಾಜು ಹೀಗಿದೆ. ಒಬ್ಬರು ಇಪ್ಪತ್ತೈದನೆಯ ವಯಸ್ಸಿನಲ್ಲಿ ಬೀಜ ಊರಿದರೆ ಅದು ಹೂ ಬಿಡುವಾಗ ಅವರಿಗೆ ಎಪ್ಪತ್ತು ಎಂಬತ್ತು ಆಗಿರುತ್ತದೆ. ಆ ವಯಸ್ಸಿನಲ್ಲಿ ಮನೆಯ ಹಿರಿಯರು ತೀರಿಕೊಳ್ಳುವುದು ಲೋಕದಲ್ಲಿ ನಡೆಯುವುದೇ. ಅದೇ ವರ್ಷ ಮರವೂ ಹೂ ಬಿಟ್ಟು ಒಣಗಿದರೆ ಎರಡನ್ನೂ ಜೋಡಿಸಿ ನೆನಪಿಟ್ಟುಕೊಳ್ಳುತ್ತಾರೆ. ಒಂದು ತಲೆಮಾರು ಒಮ್ಮೆ ಮಾತ್ರ ಕಾಣುವ ಹೂವಾದ್ದರಿಂದ ಆ ನೆನಪನ್ನು ಸುಳ್ಳು ಮಾಡುವ ಇನ್ನೊಂದು ಹೂವು ಅವರ ಕಣ್ಣಿಗೆ ಬೀಳುವುದಿಲ್ಲ. ಬಿದಿರು ಹೂ ಬಿಟ್ಟರೆ ಬರ ಎಂಬ ಮಾತಿಗೆ, ಬಿದಿರಕ್ಕಿ ತಿಂದು ಇಲಿಗಳು ಹೆಚ್ಚಿ ಬೆಳೆ ಹಾಳಾಗುವ ಕಾರಣವಾದರೂ ಇದೆ. ಶ್ರೀತಾಳೆಯ ಹೂವಿನಿಂದ ಯಾರಿಗೂ ಅಂಥ ಹಾನಿ ಇಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆವು. ಆ ಸದಸ್ಯರ ಅಜ್ಜ ಮರ ನೆಟ್ಟದ್ದು ಊರು ಕೇರಳಕ್ಕೆ ಸೇರುವ ಮೊದಲು ಎಂದು ಮನೆಯವರು ಹೇಳುತ್ತಾರೆ. ಅಂದರೆ 1956ರ ನವೆಂಬರ್ 1ಕ್ಕಿಂತ ಹಿಂದೆ, ಕಾಸರಗೋಡು ಇನ್ನೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಾಗ. ಆ ಮರ ಗರಿ ಬಿಡುತ್ತಾ ಇದ್ದಂತೆ ರಾಜ್ಯ ಬದಲಾಯಿತು, 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು, ಮನೆಯಲ್ಲಿ ಮೂರನೆಯ ತಲೆಮಾರು ಬಂತು. ಇಷ್ಟೆಲ್ಲ ಕಂಡ ಮರದ ಬೀಜವನ್ನು ನಾಲ್ಕನೆಯ ತಲೆಮಾರಿಗೆ ದಾಟಿಸಲು ಒಂದು ವರ್ಷ ಕಾಯಬೇಕು, ಅಷ್ಟೇ.

ಮರ ಹೂ ಬಿಟ್ಟಾಗ ಮಾಡಬೇಕಾದ್ದು

1. ಹೂ ಕಂಡ ತಿಂಗಳನ್ನು ಬರೆದಿಡಿ, ಫೋಟೋ ತೆಗೆಯಿರಿ. ನೆಟ್ಟ ವರ್ಷ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ. ಇಂಥ ದಾಖಲೆ ನಮ್ಮಲ್ಲಿ ಬಹಳ ಕಡಿಮೆ.

2. ಕಾಯಿ ಬಲಿತು ತಾನಾಗಿ ಉದುರುವವರೆಗೆ ಬಿಡಿ. ಮರ ಮನೆಗೆ, ದಾರಿಗೆ, ವಿದ್ಯುತ್ ತಂತಿಗೆ ಹತ್ತಿರ ಇದ್ದರೆ ಅಷ್ಟರವರೆಗೆ ಕಾದು ಆಮೇಲೆ ಜೋಪಾನವಾಗಿ ಇಳಿಸಿ. ಸತ್ತ ಮರ ಒಳಗೇ ಕೊಳೆತು ಉರುಳುವ ಅಪಾಯ ಇರುವುದರಿಂದ ಜನ ಓಡಾಡುವ ಕಡೆ ಅದನ್ನು ಹಾಗೆಯೇ ಬಿಡಬಾರದು.

3. ಉದುರಿದ ಹಣ್ಣನ್ನು ಒಟ್ಟು ಮಾಡಿ, ಕೈಗೆ ಗವಸು ಹಾಕಿಕೊಂಡು ಸಿಪ್ಪೆ ತಿರುಳು ತೆಗೆದು ಬೀಜ ತೊಳೆಯಿರಿ. ಬಹಳ ದಿನ ಒಣಗಿಸಿ ಇಡುವುದಕ್ಕಿಂತ ತಾಜಾ ಇದ್ದಾಗಲೇ ಊರುವುದು ಒಳ್ಳೆಯದು.

4. ಬೀಜ ಮೊದಲು ಕೆಳಕ್ಕೆ ಆಳವಾಗಿ ಮೊಳಕೆ ಇಳಿಸಿ, ಆಮೇಲೆ ಮೇಲಕ್ಕೆ ಎಲೆ ಬಿಡುತ್ತದೆ. ಸಣ್ಣ ಪ್ಲಾಸ್ಟಿಕ್ ಚೀಲ ಸಾಲದು. ಉದ್ದದ ಚೀಲ ಬಳಸಿ, ಅಥವಾ ನೆಡಬೇಕಾದ ಜಾಗದಲ್ಲೇ ಊರಿ. ಮೊಳೆಯಲು ತಿಂಗಳುಗಳು ಹಿಡಿಯುತ್ತವೆ, ಬಂದಿಲ್ಲವೆಂದು ಅಗೆದು ನೋಡಬೇಡಿ.

5. ಜಾಗ ಆರಿಸುವಾಗ ಐವತ್ತು ವರ್ಷದ ಮುಂದನ್ನು ಯೋಚಿಸಿ. ಸುತ್ತ ಐದಾರು ಮೀಟರ್ ಖಾಲಿ ಬೇಕು. ದೇವಸ್ಥಾನದ ಬನ, ಶಾಲೆಯ ಮೈದಾನದ ಮೂಲೆ, ಹೊಳೆಬದಿ, ತೋಟದ ಗಡಿ ಇವು ಸೂಕ್ತ. ಬಯಲುಸೀಮೆಯ ಸದಸ್ಯರು ನೀರಿನ ಆಸರೆ ಇರುವ ಕಡೆ ಮಾತ್ರ ಪ್ರಯತ್ನಿಸಬಹುದು.

6. ಒಂದೇ ಜಾಗದಲ್ಲಿ ಎಲ್ಲ ಬೀಜ ಹಾಕಬೇಡಿ. ಹತ್ತು ಊರಿಗೆ ಹಂಚಿ. ಬೇರೆ ಬೇರೆ ಮರದ ಬೀಜಗಳು ಸಿಕ್ಕಿದರೆ ಬೆರೆಸಿ ನೆಡಿ. ಎಲ್ಲವೂ ಒಂದೇ ವರ್ಷ ಹೂ ಬಿಟ್ಟು ಮುಗಿಯದಿರಲು ಬೇರೆ ಬೇರೆ ವರ್ಷಗಳಲ್ಲಿ ನೆಡುವುದೂ ಒಳ್ಳೆಯದು.

ಸದಸ್ಯರಲ್ಲಿ ವಿನಂತಿ

ನಿಮ್ಮ ಊರಿನಲ್ಲಿ ಶ್ರೀತಾಳೆ ಇದ್ದರೆ, ಎಳೆಯದಾಗಲಿ ಹಳೆಯದಾಗಲಿ, ಸಂಘಕ್ಕೆ ತಿಳಿಸಿ. ಓಲೆಕೊಡೆ, ಗೊರಬು ಕಟ್ಟಲು ಬಲ್ಲವರು, ಪಣೋಲಿ ಹಿಟ್ಟು ತೆಗೆದು ಗೊತ್ತಿರುವ ಹಿರಿಯರು ಇದ್ದರೆ ಅವರ ಮಾತನ್ನು ಬರೆದುಕೊಂಡು ಕಳುಹಿಸಿ. 'ಪಣೋಲಿ', 'ಕುಡಪ್ಪನ', 'ಶ್ರೀತಾಳಿ' ಅಲ್ಲದೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಅದೂ ನಮಗೆ ಬೇಕು. ಮನೆಯಲ್ಲಿ ತಾಳೆಗರಿಯ ಕಟ್ಟು ಇರುವ ಸೊಲ್ಲಾಪುರ, ಜತ್ತ, ಆದೋನಿ, ತಾಳವಾಡಿ ಕಡೆಯ ಬಂಧುಗಳೂ ಬರೆಯಿರಿ.

ಫೋನ್ ಮಾಡಿದ ಸದಸ್ಯರ ಮರದ ಸುದ್ದಿ ಕೇಳುವವರಿಗೆ: ಮರ ಇನ್ನೂ ನಿಂತಿದೆ. ನಾವು ಹೇಳಿದ್ದನ್ನು ಅವರು ತಾಯಿಗೆ ವಿವರಿಸಿದರಂತೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ ನೆಟ್ಟ ಮರ, ಅದರಷ್ಟಕ್ಕೇ ಹೋಗಲಿ, ಕತ್ತಿ ಹಾಕುವುದು ಬೇಡ" ಎಂದರಂತೆ. ಕಡಿಯುವವರಿಗೆ ಬೇಡವೆಂದು ಹೇಳಿ ಕಳುಹಿಸಿದ್ದಾರೆ. ಕಾಯಿ ಉದುರಲು ಮುಂದಿನ ವರ್ಷವಾಗುತ್ತದೆ. ಬೀಜ ಬೇಕಾದವರು ಈಗಲೇ ನೆಡುವ ಜಾಗ ನೋಡಿಟ್ಟುಕೊಂಡು ಹೆಸರು ಬರೆಸಿ.